ಪೊರಕೆಗಾಡಿಯ ಎರ್ಮೀನಿಯಾ

ಮನೆಯವರೆಲ್ಲ ಒಳಗಿದ್ದಾರೆ ಎಂದು ಗಾಡಿ ನಡೆಸುವವನು ಆಣೆ ಮಾಡಿ ಹೇಳಿದರೂ ಎರ್ಮೀನಿಯಾ ನಂಬುತ್ತಿರಲಿಲ್ಲ. ಹೊರಡುವ ಮುನ್ನ ಸಾಲಿನ ಪ್ರತಿಯೊಂದು ಗಾಡಿಯ ಬೆನ್ನಿಗೂ ಹೋಗಿ, ಮುಷ್ಟಿ ಕಟ್ಟಿ ದಡದಡ ಗುದ್ದಿ, ಒಳಗಿನಿಂದ ಮನುಷ್ಯಧ್ವನಿಯೊಂದು ಹೊರಡುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಬೆಳಗಿನ ನಿದ್ದೆ ಕೆಟ್ಟವರು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಬೈಗುಳವೂ ಧ್ವನಿಯೇ ಆದ್ದರಿಂದ ಆಕೆ ಸಂತೃಪ್ತರಾಗಿ ಮುಂದಿನ ಗಾಡಿಗೆ ನಡೆಯುತ್ತಿದ್ದರು.

ನಾವು ಉತ್ತರದ ವೆನೆತೊ ಸೀಮೆಯ ಮನೆಗಾಡಿಯವರು. ಮುಂದೆ ಸ್ಟಿಯರಿಂಗು, ಹಿಂದೆ ಒಲೆ, ನಲ್ಲಿ, ಹಾಸಿಗೆ. ಸಂಸಾರವನ್ನೇ ಚಕ್ರದ ಮೇಲೆ ಕೂರಿಸಿಕೊಂಡು, ಬಿಸಿಲು ಬಲಿತಿತೆಂದರೆ ಸಂಘದ ಬಾವುಟ ಕಟ್ಟಿ ಸಾಲಾಗಿ ದಕ್ಷಿಣದ ಕೂಟಗಳಿಗೆ ಹೊರಡುತ್ತೇವೆ. ಸಾಲಿನ ಕಟ್ಟಕಡೆಗೆ ಬರುವ ಗಾಡಿಗೆ ನಮ್ಮಲ್ಲಿ ಪೊರಕೆ ಎಂದು ಹೆಸರು. ಕೆಟ್ಟು ನಿಂತವರನ್ನು, ದಾರಿ ತಪ್ಪಿದವರನ್ನು, ಮರೆತು ಬಿಟ್ಟುಬಂದ ಸಾಮಾನುಗಳನ್ನು ಗುಡಿಸಿಕೊಂಡು ಬರುವುದು ಅದರ ಕರ್ತವ್ಯ. ನಾನು ಸಂಘ ಸೇರುವ ಎಷ್ಟೋ ಮೊದಲಿನಿಂದ ಆ ಸ್ಥಾನ ಎರ್ಮೀನಿಯಾ ಅವರದಾಗಿತ್ತು, ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕುಳ್ಳ ದೇಹ, ಅಗಲ ಪಾದ, ನೆಲವನ್ನು ಅದುಮಿ ಪರೀಕ್ಷಿಸುವಂಥ ನಡಿಗೆ. ಕಡುಬೇಸಿಗೆಯಲ್ಲೂ ಮೈಮೇಲೊಂದು ಹಸಿರು ಉಣ್ಣೆಯ ಕೋಟು. ಅದರ ಜೇಬುಗಳಲ್ಲಿ ಇತರರು ಬಿಟ್ಟುಬಂದ ಕನ್ನಡಕ, ಒಂಟಿ ಚಪ್ಪಲಿ, ಕಾಫಿ ಪಾತ್ರೆಯ ಮುಚ್ಚಳ, ಒಮ್ಮೆ ಸಂಘದ ಅಧ್ಯಕ್ಷ ತಾರ್ಚೀಜಿಯೊನ ಹಲ್ಲುಸೆಟ್ಟು. ಸಂಜೆ ಮೇಜಿನ ಮೇಲೆ ಜೇಬು ಬರಿದು ಮಾಡಿ ಒಬ್ಬೊಬ್ಬರನ್ನೇ ಕರೆದು ಬೈದು ಕೊಡುತ್ತಿದ್ದರು. ಬೈಸಿಕೊಳ್ಳದೆ ಯಾರಿಗೂ ಅವರವರ ವಸ್ತು ಸಿಗುತ್ತಿರಲಿಲ್ಲ.

ಈ ಗುದ್ದುವ ವ್ರತ ಹುಟ್ಟಿದ ಕಥೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಆಕೆಯ ಪತಿ ಆದೆಲ್ಮೊ ಬದುಕಿದ್ದಾಗ, ಮೊದಮೊದಲು ಗಾಡಿ ನಡೆಸುತ್ತಿದ್ದವರು ಅವರೇ. ಒಂದು ಮುಂಜಾನೆ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಹಿಂದಿನ ಹಾಸಿಗೆಯಿಂದೆದ್ದ ಎರ್ಮೀನಿಯಾ ರಾತ್ರಿಯುಡುಪಿನಲ್ಲೇ ಶೌಚಾಲಯಕ್ಕೆ ಹೋದರು. ಮಡದಿ ಮಲಗಿದ್ದಾಳೆಂದು ಭಾವಿಸಿದ ಆದೆಲ್ಮೊ ಹೊರಟೇಬಿಟ್ಟರು. ಮನೆಗಾಡಿಯವರಲ್ಲದೆ ಬೇರಾರೂ ಮಾಡಲಾಗದ ಪ್ರಮಾದ ಇದು. ದಾರಿಯುದ್ದಕ್ಕೂ ಹಿಂದಕ್ಕೆ ಕೊರಳು ಹೊರಳಿಸಿ ತಮ್ಮ ತಂಗಿಯ ಮದುವೆಯ ವಿಚಾರ, ಹೊಸ ಟಯರಿನ ವಿಚಾರ ಎಲ್ಲ ಮಾತಾಡಿದರಂತೆ. ಹೆಂಡತಿ ಒಂದಕ್ಕೂ ಎದುರಾಡದಿದ್ದುದು ಕಂಡು ಹಿಗ್ಗಿದರಂತೆ. ಊಟದ ಹೊತ್ತಿಗೆ ನಿಜ ತಿಳಿದು ಬೆವರುತ್ತ ಹಿಂತಿರುಗಿದಾಗ, ಆಕೆ ಬಂಕಿನವರ ಏಪ್ರನ್ ತೊಟ್ಟು ಲಾರಿ ಡ್ರೈವರುಗಳಿಗೆ ಕಾಫಿ ಕೊಡುತ್ತಿದ್ದರು. ಗಂಡನ ಕೈಯಿಂದ ಬೀಗದಕೈ ತೆಗೆದುಕೊಂಡರು. ಅಂದಿನಿಂದ ಗಾಡಿ ನಡೆಸಿದವರು ಆಕೆಯೇ.

ಇನ್ನೊಂದು ಹಟವೂ ಇತ್ತು. ಎಲ್ಲರ ಗಾಡಿಗಳೂ ಹೊರಟುಹೋದ ಮೇಲೂ ಆಕೆ ಹೊರಡುತ್ತಿರಲಿಲ್ಲ. ಖಾಲಿ ಬಯಲಿನಲ್ಲಿ ಒಲೆ ಹಚ್ಚಿ, ಒಂದು ಕಾಫಿ ಉಕ್ಕುವಷ್ಟು ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ನಾವೆಲ್ಲ ಇದನ್ನು ಮುದುಕಿಯ ಚಟವೆಂದು ಆಡಿಕೊಳ್ಳುತ್ತಿದ್ದೆವು.

ಆ ವರ್ಷ ಪುಲ್ಯಾದ ಕಡಲತೀರದ ಮಹಾಕೂಟಕ್ಕೆ ಹೋಗುವಾಗ ನನ್ನ ಗಾಡಿ ಕ್ಲಚ್ಚು ಸುಟ್ಟುಕೊಂಡು ಗ್ಯಾರೇಜು ಸೇರಿತ್ತು. ನಾನು ಪೊರಕೆಗಾಡಿಯ ಪ್ರಯಾಣಿಕನಾದೆ. ಅಬ್ರುತ್ಸೊ ಬೆಟ್ಟಗಳ ಒಂದು ಊರಿನ ಕಾರಂಜಿಯ ಬಳಿ ತಂಗಿದ್ದು, ಬೆಳಿಗ್ಗೆ ನೀರು ತುಂಬಿಕೊಂಡು ಹೊರಟೆವು. ಎರ್ಮೀನಿಯಾ ಎಂದಿನಂತೆ ಗುದ್ದಿದರು. ಓಲಿಂದೊ ಅವರ ಗಾಡಿಯೊಳಗಿನಿಂದ ಅವರ ಹೆಂಡತಿ ದೆಲ್ಫೀನಾ, ಎರ್ಮೀನಿಯಾರ ಬಾಲ್ಯದ ಗೆಳತಿ, ಓಗೊಟ್ಟದ್ದನ್ನು ನಾನೇ ಕೇಳಿದೆ. ಗಾಡಿಗಳು ಒಂದೊಂದಾಗಿ ಇಳಿಜಾರಿನಲ್ಲಿ ಮರೆಯಾದವು. ಕಾಫಿ ಒಲೆಯ ಮೇಲಿತ್ತು. ಆಗ ಕಾರಂಜಿಯ ಹಿಂದಿನಿಂದ ದೆಲ್ಫೀನಾ ಬಂದರು, ಕೈಯಲ್ಲಿ ತೊಳೆದ ಸೊಪ್ಪಿನ ಜರಡಿ. ಓಗೊಟ್ಟ ಮೇಲೆ ಯಾರಿಗೂ ಕಾಣದಂತೆ ಇಳಿದಿದ್ದರೆಂದು ತೋರುತ್ತದೆ. ಖಾಲಿ ಬಯಲನ್ನು ದಿಟ್ಟಿಸಿದರು. ಆಮೇಲೆ ಗೆಳತಿಯ ಹತ್ತಿರ ಬಂದು, ಅಪರಿಚಿತರನ್ನು ಕೇಳುವ ವಿನಯದಿಂದ ಕೇಳಿದರು:

“ತಾಯಿ, ಇಲ್ಲೊಂದು ಬಿಳಿ ಮನೆ ಇತ್ತಲ್ಲ. ಯಾರು ತಗೊಂಡು ಹೋದ್ರು?”

ನಾನು ಗಾಡಿಯ ವೈರ್‌ಲೆಸ್ಸಿಗೆ ಕೈ ಹಾಕಿದೆ. ಎರ್ಮೀನಿಯಾ ನನ್ನ ಮಣಿಕಟ್ಟು ಹಿಡಿದುಕೊಂಡರು. ಅದರಲ್ಲಿ ಆಡಿದ ಮಾತು ಸಾಲಿನ ಎಲ್ಲ ಗಾಡಿಗಳಿಗೂ ಕೇಳುತ್ತದೆ. ಹಿಂದಿನ ವರ್ಷ ಮರೆವಿನ ರೋಗದ ಮುದುಕರೊಬ್ಬರು ಕೂಟದಿಂದ ಕಾಣೆಯಾಗಿ ಪೊಲೀಸರು ಕಾಡೆಲ್ಲ ಹುಡುಕಿದ ಮೇಲೆ, ಅಂಥವರನ್ನು ಇನ್ನು ದೂರದ ಯಾತ್ರೆಗೆ ಕರೆದೊಯ್ಯಬಾರದೆಂದು ಸಂಘ ತೀರ್ಮಾನಿಸಿತ್ತು. ಓಲಿಂದೊ ಇಷ್ಟು ಕಾಲ ಏನನ್ನು ಮುಚ್ಚಿಟ್ಟಿದ್ದರೆಂಬುದು ನನಗೆ ಆಗ ಅರ್ಥವಾಯಿತು. ಎರ್ಮೀನಿಯಾರಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ಗೆಳತಿಯನ್ನು ಕೂರಿಸಿ ಕೈಗೆ ಕಾಫಿ ಕೊಟ್ಟು, ವೈರ್‌ಲೆಸ್ ಎತ್ತಿಕೊಂಡು, ಎಂದಿನ ಗಡಸು ದನಿಯಲ್ಲೇ ಮಾತಾಡಿದರು.

“ಓಲಿಂದೊ, ನಿನ್ನ ಹೆಂಡ್ತೀನ ನಾನು ಇಳಿಸ್ಕೊಂಡಿದ್ದೀನಿ. ಈ ಗಂಡಸು ನನ್ನ ಪಕ್ಕ ಮೂಟೆ ಥರ ಕೂತವ್ನೆ, ಬಾಯೇ ಬಿಡಲ್ಲ. ಮಾತಾಡಕ್ಕೆ ಒಬ್ರು ಬೇಕಲ್ಲ. ಊಟದ ಹೊತ್ತಿಗೆ ವಾಪಸ್ ಕೊಡ್ತೀನಿ.”

ಉತ್ತರ ಬರಲು ಬಹಳ ಹೊತ್ತಾಯಿತು. ಅಷ್ಟರಲ್ಲಿ ಓಲಿಂದೊ ಗಾಡಿ ನಿಲ್ಲಿಸಿ ಹಿಂದಿನ ಹಾಸಿಗೆ ನೋಡಿ ಬಂದಿರಬೇಕು. ಆಮೇಲೆ, ಸರಿ ಎರ್ಮೀನಿಯಾ, ಎಂಬಷ್ಟು ಮಾತ್ರ ಕೇಳಿಸಿತು. ಹೆಂಡತಿ ಓಡಿಹೋದಳೆಂದು ಯಾರೋ ಅವರನ್ನು ಚುಡಾಯಿಸಿದರು, ಎಲ್ಲರೂ ನಕ್ಕರು.

ಮಧ್ಯಾಹ್ನ ಗಾಡಿಯ ಮರೆಯಲ್ಲಿ ಓಲಿಂದೊ ತಲೆ ತಗ್ಗಿಸಿ ನಿಂತಿದ್ದರು. ಎರ್ಮೀನಿಯಾ ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಓಲಿಂದೊ ತಾವೇ ಹೇಳಿದರು:

“ಊರ ಮನೇಲಿ ಬಚ್ಚಲು ಯಾವ ಕಡೆ ಅಂತ ಮರೀತಾಳೆ. ಗಾಡೀಲಿ ಕಣ್ಣು ಮುಚ್ಚಿ ಕೈ ಹಾಕಿದ್ರೆ ಉಪ್ಪಿನ ಡಬ್ಬೀನೇ ಸಿಗತ್ತೆ. ಇದನ್ನೂ ಬಿಡಿಸಿಬಿಟ್ರೆ ಅವಳು ಎಲ್ಲಿಗೆ ಹೋಗ್ಬೇಕು ಹೇಳು.”

ಆ ಸಂಜೆ ಕಡಲತೀರದಲ್ಲಿ ಸಂಘದ ಸಭೆ. ಎಂದೂ ಸಭೆಯಲ್ಲಿ ಬಾಯಿ ಬಿಡದ ಎರ್ಮೀನಿಯಾ ಎದ್ದು ನಿಂತರು. ತಮ್ಮ ಕಣ್ಣು ಮೊದಲಿನಂತಿಲ್ಲ, ತಿರುವುಗಳು ಮಸುಕಾಗುತ್ತಿವೆ, ಆದ್ದರಿಂದ ಇನ್ನು ಮುಂದೆ ಓಲಿಂದೊ ಅವರ ಗಾಡಿ ತಮ್ಮ ಮುಂದೆಯೇ ಇರಲಿ, ಅದರ ಬೆನ್ನಿನ ಕೆಂಪು ಪಟ್ಟೆ ನೋಡಿಕೊಂಡು ಬರುತ್ತೇನೆ ಎಂದರು. ಮಂದ ಬೆಳಕಿನಲ್ಲೂ ಸೂಜಿಗೆ ದಾರ ಪೋಣಿಸುತ್ತಿದ್ದವರು ಆಕೆ! ಸಭೆ ಮರುಗಿತು. ತಾರ್ಚೀಜಿಯೊ ಒಳ್ಳೆಯ ಮನಸ್ಸಿನವನು. ಅಕ್ಕನ ಬೆನ್ನಿಗೆ ಇನ್ನೊಂದು ಗಾಡಿ ಇರುವುದು ಕ್ಷೇಮವೆಂದು ಹೇಳಿ, ಮುಂದಿನ ಯಾತ್ರೆಯಿಂದ ಪೊರಕೆಯ ಕೆಲಸವನ್ನು ನನಗೆ ವಹಿಸಿದ. ತಮ್ಮ ಬೆನ್ನ ಹಿಂದೆ ಖಾಲಿ ರಸ್ತೆಯನ್ನಲ್ಲದೆ ಬೇರೇನನ್ನೂ ಸಹಿಸದಿದ್ದ ಆ ಸ್ವಾಭಿಮಾನಿ, ಆಗಲಿ ಎಂದು ತಲೆಯಾಡಿಸಿ ಕೂತರು.

ನನಗೆ ತಡೆಯಲಾಗಲಿಲ್ಲ. ಆಮೇಲೆ ಹೋಗಿ, ಬೇರೆ ಏನಾದರೂ ನೆಪ ಹೇಳಬಹುದಿತ್ತಲ್ಲ ಅಕ್ಕ ಎಂದೆ. ಆಕೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದರು:

“ಬೇರೆ ಏನು ಹೇಳಿದ್ರೂ ಓಲಿಂದೊ ಮೇಲೆ ಅನುಮಾನ ಬರ್ತಿತ್ತು. ಇದು ನನ್ನ ಮೇಲೆ ಬಂತು. ಮುಗೀತಲ್ಲ, ಹೋಗಿ ಉಣ್ಣು.”

ಈಗ ನಾನು ಸಾಲಿನ ಕೊನೆಯವನು. ನನ್ನ ಮುಂದೆ ಎರ್ಮೀನಿಯಾ, ಅವರ ಮುಂದೆ ಓಲಿಂದೊ. ರಸ್ತೆ ತಿರುಗಿದಾಗ ಎರಡೂ ಗಾಡಿಗಳು ನನಗೆ ಒಟ್ಟಿಗೇ ಕಾಣುತ್ತವೆ. ಓಲಿಂದೊ ಅವರ ಗಾಡಿಯ ಹಿಂದಿನ ಕಿಟಕಿಗೆ ದೆಲ್ಫೀನಾ ಮುಖವಿಟ್ಟು, ಹಿಂದೆ ಬರುವ ಯಾರೋ ಒಳ್ಳೆಯ ಅಪರಿಚಿತಳಿಗೆಂಬಂತೆ ಕೈಬೀಸುತ್ತಾರೆ. ಎರ್ಮೀನಿಯಾ ದೀಪ ಮಿನುಗಿಸುತ್ತಾರೆ. ತುಸು ಹೊತ್ತಿಗೆ ದೆಲ್ಫೀನಾ ಅದನ್ನು ಮರೆತು ಮತ್ತೆ ಹೊಸದಾಗಿ ಕೈಬೀಸುತ್ತಾರೆ. ದೀಪ ಮತ್ತೆ ಮಿನುಗುತ್ತದೆ. ಇಡೀ ಹಗಲು ಹೀಗೆ, ಒಮ್ಮೆಯೂ ಬೇಸರದ ಸುಳಿವಿಲ್ಲ. ಅದನ್ನು ನೋಡುತ್ತ ಗಾಡಿ ನಡೆಸುವಾಗ ನಾನು ರೇಡಿಯೋ ಹಾಕುವುದಿಲ್ಲ.

ಗುಂಪು ಕಟ್ಟಿಕೊಂಡು ಹೊರಟಮೇಲೆ ಬಾವುಟ ಹಿಡಿದು ಮುಂದೆ ಸಾಗುವವರು ಬೇಕೇ ಬೇಕು, ಅವರನ್ನು ನಾನು ಹಳಿಯಲಾರೆ. ಆದರೆ ಹೊರಟವರೆಲ್ಲರೂ ತಲುಪುವುದು ಹಿಂದೆ ಉಳಿಯಲು ಮನಸ್ಸಾರೆ ಒಪ್ಪಿದ ಕೆಲವರ ದೆಸೆಯಿಂದ. ಅಂಥವರಿಗೆ ಲೋಕದಲ್ಲಿ ತಮ್ಮದೆನ್ನಲು ಇರುವುದು ಆ ಕೊನೆಯ ಜಾಗವೊಂದೇ. ಇನ್ನೊಬ್ಬರ ಮಾನ ಉಳಿಯಬೇಕೆಂದರೆ ಅದನ್ನೂ ಅವರು ಸದ್ದಿಲ್ಲದೆ ಬಿಟ್ಟುಕೊಟ್ಟಾರು. ಹಾಗೆ ಬಿಟ್ಟುಕೊಟ್ಟ ಜಾಗದಲ್ಲಿ ನಾನು ಕೂತಿದ್ದೇನೆ, ಅದು ನನ್ನ ಅಳತೆಗೆ ಬಹಳ ದೊಡ್ಡದು.