ಗ್ಯಾಸ್ ಕುಡಿದ ಕಿತ್ತಳೆ

ಘಾಜಿಯಾಬಾದಿನಲ್ಲಿ ಇಡ್ಲಿ-ದೋಸೆಯ ಹೋಟೆಲು ನಡೆಸುವ ನೀಲಾವತಿಗೆ ಮೈದುನ ಲತೇಶನ ಜಾಣತನದ ಮೇಲೆ ಎಂದೂ ನಂಬಿಕೆಯಿರಲಿಲ್ಲ. ಗ್ರೇಟರ್ ನೋಯ್ಡಾದ ಶೀತಗೃಹವೊಂದಕ್ಕೆ ಮ್ಯಾನೇಜರ್ ಆದಮೇಲಂತೂ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. 2008ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವನು ಟೈ ಕಟ್ಟಿಕೊಂಡು ಬಂದು, ಒಂದು ಪೆಟ್ಟಿಗೆ ಕಿತ್ತಳೆಯನ್ನು ಅವಳ ಮೇಜಿನ ಮೇಲೆ ಕುಕ್ಕಿದ.

"ನವೆಂಬರಿನಲ್ಲಿ ಹಸಿರು ಕಾಯಿ ಕೊಯ್ಸಿದ್ದು ಅತ್ತಿಗೆ. ಎಥಿಲೀನ್ ಗ್ಯಾಸ್ ಕೊಟ್ಟು ಹಣ್ಣು ಮಾಡಿದೆ. ಆಮೇಲೆ ಮುದಿಯಾಗದ ಹಾಗೆ ಆ ಗ್ಯಾಸಿನ ಕೆಲಸ ತಡೆಯೋ ಔಷಧಿ ಕೊಟ್ಟೆ. ನೋಡಿ, ಹೇಗೆ ಹೊಳೀತಿದೆ! ಊರಲ್ಲಿ ಬಾಳೆಗೊನೆಗೆ ಹೊಗೆ ಹಾಕ್ತಿರಲಿಲ್ವಾ, ಅದೇ ಟೆಕ್ನಿಕ್."

ಹತ್ತು ವರ್ಷದಿಂದ ದಿನಾ ಜ್ಯೂಸು ಹಿಂಡುತ್ತಿದ್ದ ನೀಲಾವತಿಗೆ ಹಣ್ಣಿನ ಗುಣ ತಿಳಿಯಲು ಮೂಗೇ ಸಾಕಿತ್ತು. ಆದರೂ ಎರಡು ಹಣ್ಣು ಹಿಂಡಿ, ಲೋಟವನ್ನು ಅವನ ಮುಂದೆಯೇ ಇಟ್ಟಳು. ಗಟಗಟ ಕುಡಿಯಲು ಹೊರಟವನು ಮೊದಲ ಗುಟುಕಿಗೇ ನಿಂತ. ಹುಳಿಯೋ ಹುಳಿ; ಮೇಲೆ ಹೆಂಡದ ವಾಸನೆ. ಲತೇಶನ ಮುಖ ಹುಳ್ಳಗಾಯಿತು.

"ಬಾಳೆಕಾಯಿ ಕಡಿದ ಮೇಲೂ ಸಿಹಿಯಾಗುತ್ತೆ ಮಾರಾಯ. ಕಿತ್ತಳೆ ಹಾಗಲ್ಲ, ಮರದಲ್ಲಿ ಎಷ್ಟು ಸಿಹಿಯಾಗಿತ್ತೋ ಅಷ್ಟೇ. ನಿನ್ನ ಗ್ಯಾಸು ಬಣ್ಣ ಕಟ್ಟಿದ್ದು ಸಿಪ್ಪೆಗೆ, ನಿನ್ನ ಔಷಧಿ ಕಾಪಾಡಿದ್ದೂ ಸಿಪ್ಪೆಯನ್ನೇ. ನಾಲ್ಕು ತಿಂಗಳಿಂದ ಒಳಗೆ ಕೆಡ್ತಿದ್ದದ್ದನ್ನ ನೋಡೋರು ಯಾರು?"

"ಅಚ್ಛಾ... ಆದ್ರೆ ಇನ್ನೂ ಆರು ಲಾರಿ ಮಾಲಿದೆಯಲ್ಲ ಅತ್ತಿಗೆ, ಏನು ಮಾಡಲಿ?"

"ಹಣ್ಣು ಅಂತ ಮಾರಬೇಡ, ಬಣ್ಣ ಅಂತ ಮಾರು," ಎಂದು ನೀಲಾವತಿ ಲೋಟದ ರಸವನ್ನು ಸಿಂಕಿಗೆ ಸುರಿದಳು. "ಹೇಗೂ ಮುಂದಿನ ವಾರ ಹೋಳಿ."