ಎರಡನೇ ಮಾಳಿಗಿಯ ಮುದುಕಪ್ಪ

ಮನಿ ಹಂಚೋವಾಗ ಚೀಟಿ ಎತ್ತಿದಾಕಿ ನಾನ. ನನ್ನ ಕೈಗಿಷ್ಟು ಬೆಂಕಿ ಹಾಕ, ಎರಡನೇ ಮಾಳಿಗಿ ಬಂತು.

ರಾಯಚೂರು ದಾಟಿ ಕಲ್ಮಲಕ್ಕ ಹೋಗೋ ರಸ್ತಾದಾಗ ಬಡವರಿಗಂತ ಕಟ್ಟಿದ ಮನಿಗಳಿವು. ಸರ್ಕಾರದ ರೊಕ್ಕ ಇಷ್ಟು, ಬ್ಯಾಂಕಿನ ಸಾಲ ಇಷ್ಟು, ನಮ್ಮ ಕೈಯಿಂದ ಇಷ್ಟು. ನಮ್ಮ ಕೈಯಿಂದ ಅಂದ್ರ ನಮ್ಮ ಮಾವ ಮುದುಕಪ್ಪನ ಕುರಿ. ದೇವದುರ್ಗದಾಗ ಇದ್ದ ಹಿಂಡು ಪೂರಾ ಮಾರಿ ರೊಕ್ಕ ತುಂಬಿದ. ಅದಕ್ಕ ಮನಿ ಆತನ ಹೆಸರಿಗೇ ಆತು. ನನಗ, ನನ್ನ ಗಂಡ ದುರುಗೇಶಗ ಏನು, ಜೋಪಡಿ ಬಿಟ್ಟು ಗ್ವಾಡಿ ಇರೋ ಮನ್ಯಾಗ ಮಕ್ಕೊಂಡ್ರ ಸಾಕಾಗಿತ್ತು.

ಮಾವ ಆ ಮೆಟ್ಟಿಲ ಹತ್ತಿದ್ದು ಒಂದ ಸಲ. ಮೊಣಕಾಲು ಕೈಕೊಟ್ಟವು, ಮತ್ತ ಇಳೀಲಿಲ್ಲ. ಲಿಫ್ಟೇನು? ಬಡವರಿಗೆ ಲಿಫ್ಟ್ ಯಾರು ಇಡ್ತಾರ! ದಿನಾ ಬಾಲ್ಕನ್ಯಾಗ ಕುಂತು, ರಸ್ತಾದಾಗ ಹೊಂಟ ಕುರಿ ನೋಡಿ 'ಯಾರವೋ ತಮ್ಮಾ ಅವು?' ಅಂತ ಒದರ್ತಿದ್ದ. ಮಾನ್ವಿ ಬಸ್ಸಿನ ಸಪ್ಪಳದಾಗ ಯಾರಿಗೂ ಕೇಳ್ತಿರಲಿಲ್ಲ.

"ಯವ್ವಾ ರಾಧಾ, ನನ್ನ ಕೆಳಗ ಇಳಿಸವ್ವ. ನೆಲದ ಮ್ಯಾಲ ಸಾಯ್ತೀನಿ. ನಮ್ಮ ಮಂದ್ಯಾಗ ಸತ್ತವರನ್ನ ಕುಂದ್ರಿಸಿ ಒಯ್ತಾರ. ಈ ಮೆಟ್ಟಿಲ ತಿರುವಿನ್ಯಾಗ ಕುಂತ ಹೆಣ ಹೊಳ್ಳತದೇನು? ನನ್ನ ಜ್ವಾಳದ ಚೀಲದಂಗ ಅಡ್ಡ ಮಾಡಿ ಒಯ್ಯಬ್ಯಾಡ್ರಿ."

"ಬಿಡ್ತು ಅನ್ನು ಮಾವ! ಮುಂಜಾನೆದ್ದು ಸಾಯೋ ಮಾತೇ?" ಅಂತ ಬೈತಿದ್ದೆ.

ಇಳಿಸಾಕೂ ಬರ್ತಿರಲಿಲ್ಲ. ನೋಂದಣಿ ಆಗೋತನ ಹೆಸರಿದ್ದಾತ ಮನ್ಯಾಗ ಇರಬೇಕಂತ. ಮನಿ ಕೊಟ್ಟ ಆಫೀಸಿನವರು ಯಾವಾಗಾರ ಬಂದು ನೋಡ್ತಾರಂತ. ಇರದಿದ್ರ ಮನಿ ಬ್ಯಾರೆದವರ ಪಾಲಂತ. ಬಾಜೂಕಿನ ಚಂದ್ರಕಲಾ ಬಾಣಂತನಕ್ಕ ತವರಿಗೆ ಹೋಗಿ ಬಂದು ನೋಡ್ತಾಳ, ಬಾಗಿಲಿಗೆ ಬ್ಯಾರೆ ಕೀಲಿ! ಕೂಸಿನ್ನ ಎತ್ತಿಕೊಂಡು ಆ ಬಾಗಿಲ ಮುಂದ ಕುಂತು ಅತ್ತಿದ್ದು ನಾ ಕಣ್ಣಾರೆ ನೋಡೀನಿ.

ಮಳಿಗಾಲದಾಗ ಮಾವಗ ದಮ್ಮು ಹೆಚ್ಚಾತು. ಗಂಜಿ ಸುದ್ದಾ ಇಳೀವಲ್ತು.

"ಹಾಳಾಗಿ ಹೋಗಲಿ ಮನಿ," ಅಂದೆ ಗಂಡಗ. "ಯಪ್ಪನ್ನ ಇಳಸು. ಕೆಳಗಿನ ಮನಿ ಅಲ್ಮಾಸ್ ಜಾಗಾ ಕೊಡ್ತೀನಿ ಅಂದಾಳ."

ದುರುಗೇಶ ಹೊತ್ತುಕೊಳ್ಳಾಕ ಬೆನ್ನು ಕೊಟ್ಟು ಕುಂತ. ಮುದುಕ ಬಾಗಿಲ ಚೌಕಟ್ಟು ಎರಡೂ ಕೈಲೆ ಹಿಡಕೊಂಡ.

"ನಾ ಇಳಿಯಂಗಿಲ್ಲ."

"ದಿನಾ ಇಳಸು, ಇಳಸು ಅಂತ ಜೀವ ತಿಂತಿದ್ದಿ. ಈಗೇನಾತು ನಿನಗ?" ಅಂದೆ.

"ಅವರು ಬರ್ಲಿ, ನನ್ನ ನೋಡ್ಲಿ. ಕುರಿ ಅಂತೂ ಹೋದವು. ಮನಿನೂ ಹೋದ್ರ ನೀವೆಲ್ಲಿ ಇರ್ತೀರಿಬೇ?"

ಕೈ ಬಿಡಿಸಾಕ ಹೋದೆ, ಬರಲಿಲ್ಲ. ಅಷ್ಟು ಬಲ ಎಲ್ಲಿತ್ತೋ ಏನೋ. ನನಗ ಸಿಟ್ಟೂ ಬಂತು, ಅಳೂ ಬಂತು. ಆಫೀಸಿನವರ ದಾರಿ ನೋಡಿ ನೋಡಿ, ಒಂದಿನ ಮುಂಜಾನೆ ಗ್ವಾಡಿಗೆ ಒರಗಿದಾತ ಹಂಗೇ ಹೋಗಿಬಿಟ್ಟ.

ಜಳಕ ಮಾಡಿಸಿ, ಹಣಿಗೆ ಇಬತ್ತಿ ಹಚ್ಚಿ, ಕುರ್ಚಿಗೆ ಕುಂದ್ರಿಸಿ ಕಟ್ಟಿದ್ರು. ಮೆಟ್ಟಿಲ ತಿರುವಿನ್ಯಾಗ ಕುರ್ಚಿ ಸಿಕ್ಕೊಂತು. ಹಿಂದಕ್ಕ ತಂದು ಮತ್ತ ಒಯ್ದ್ರು, ಮತ್ತ ಸಿಕ್ಕೊಂತು.

"ಅಡ್ಡ ಮಾಡ್ರಿ, ಏನ್ಮಾಡೋದು," ಅಂದ್ರು ಹಿರ್ಯಾರು.

ದುರುಗೇಶ ಮ್ಯಾಲ ಓಡಿದ. ತಾ ಮಾಡೋ ಗೌಂಡಿ ಕೆಲಸದಾಗ ಇಟ್ಟಂಗಿ, ಸಾಮಾನು ಏರಿಸೋ ಹಗ್ಗ ತಂದ. ಆತನ ಜೋಡಿ ದುಡಿಯೋ ವಲಿ ಪಾಷಾ ಬಂದು ಇನ್ನೊಂದು ತುದಿ ಹಿಡಿದ. ಕುರ್ಚಿ ಹೊಳ್ಳಿ ಮ್ಯಾಲ ಒಯ್ದು ಬಾಲ್ಕನಿಲಿಂದ ಇಳಿಸಿದ್ರು. ಕೊರಳಾಗ ಹಾರ ಹಾಕ್ಕೊಂಡು, ಕುಂತಲ್ಲೇ ಕುಂತು, ನಮ್ಮ ಮಾವ ಮೆಲ್ಲಕ ಇಳಿದು ಬಂದ. ಹೆಂಗಸರು ಬಾಯಿಗೆ ಸೆರಗು ಹಿಡಿದ್ರು. ನಾ ಕೆಳಗ ನಿಂತು ಎದಿ ಎದಿ ಬಡಕೊಂಡು ಅತ್ತೆ. ಕಾಲು ನೆಲಕ್ಕ ಮುಟ್ಟಿದ ಕೂಡ್ಲೇ ಓಡಿ ಹೋಗಿ ಆ ಕಾಲು ಹಿಡಕೊಂಡೆ.

ಅಷ್ಟೊತ್ತಿಗೆ ಆಫೀಸಿನಾತ ಬಂದ. ಮಂದಿ ಅಡ್ಡ ನಿಂತಿದ್ರು, ಅವಗ ಹೆಣ ಕಾಣಲಿಲ್ಲ. ಮೊಬೈಲ್ ನೋಡಿಕೋತ ನನ್ನ ಕಡೆ ಬಗ್ಗಿ ಕೇಳಿದ:

"ಎರಡನೇ ಮಾಳಿಗಿ ಮುದುಕಪ್ಪ ಮನ್ಯಾಗ ಅದಾರೇನ್ರೀ?"

"ಇಷ್ಟೊತ್ತನ ಅಲ್ಲೇ ಇದ್ರು ಸಾಹೇಬ್ರ," ಅಂದೆ. "ಈಗ ಇಳಿದ್ರು."