ಚಪ್ಪಾಳೆ ತಟ್ಟುವ ಕೆಲಸ

ಸಂಘಕ್ಕೆ ಹೆಸರು ಬರುವ ಮೊದಲೇ ಅದಕ್ಕೆ ಎರಡು ನಾಯಿಗಳಿದ್ದವು. ಒಂದು ಇಸ್ತ್ರಿ ಅಂಗಡಿಯ ಅಕ್ಕನದು, ಇನ್ನೊಂದು ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರರದು. ಅಕ್ಕನ ನಾಯಿಗೆ ಮೈತುಂಬ ಬೂದು ಕೂದಲು; ಮಲಗಿದರೆ ಯಾರೋ ಕಂಬಳಿ ಬಿಸಾಡಿ ಹೋದ ಹಾಗೆ ಕಾಣುತ್ತಿತ್ತು. ಹಾಗಾಗಿ ಅದರ ಹೆಸರು ಕಂಬಳಿ. ಕಂಡಕ್ಟರರ ನಾಯಿ ಅಂಗೈಯಗಲ. ಅದನ್ನು ಅವರು ಚಿಲ್ಲರೆ ಎಂದು ಕರೆಯುತ್ತಿದ್ದರು. ಮೂವತ್ತು ವರ್ಷ ಕೇಳಿದರೂ ಯಾರೂ ಕೊಡದ ಚಿಲ್ಲರೆ ಈಗ ಕೂಗಿದ ಕೂಡಲೇ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ ಎಂದು ಹೇಳಿಕೊಂಡು ತಾವೇ ನಗುತ್ತಿದ್ದರು.

ಅಕ್ಕನಿಗೆ ಒಬ್ಬನೇ ತಮ್ಮ. ಗೋಡೆಗೆ ಬಣ್ಣ ಹೊಡೆಯುವವನು. ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ಬಲಗಡೆಯೆಲ್ಲ ಸೋತುಹೋಗಿತ್ತು. ಜೀವಕ್ಕೇನೂ ಭಯವಿಲ್ಲ, ಇನ್ನು ಎದ್ದು ನಡೆಯುವುದು ಅವನ ಮನಸ್ಸಿಗೆ ಬಿಟ್ಟದ್ದು ಎಂದು ಆಸ್ಪತ್ರೆಯವರು ಚೇತರಿಕೆಯ ವಾರ್ಡಿಗೆ ಹಾಕಿ ಮೂರು ತಿಂಗಳಾಗಿತ್ತು. ಆ ಮನಸ್ಸೇ ಇರಲಿಲ್ಲ. ವ್ಯಾಯಾಮ ಮಾಡಿಸಲು ಬಂದವರಿಗೆ ಬೆನ್ನು ತೋರಿಸಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ. ಈ ಗೋಡೆಗೆ ಎಷ್ಟು ಕೈ ಬಣ್ಣ ಬೇಕು ಅಂತ ನೋಡ್ತಿದ್ದೀಯೇನೋ ಎಂದು ಅಕ್ಕ ಕೇಳಿದರೆ ಅದಕ್ಕೂ ನಗು ಇಲ್ಲ.

ಒಂದು ದಿನ ಅವನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಗೇಟಿನ ಹತ್ತಿರದ ಬಿಸಿಲಿಗೆ ತಂದಿದ್ದರು. ಅಕ್ಕ ಕಂಬಳಿಯನ್ನು ಯಾವಾಗಲೂ ಗೇಟಿನ ಸರಳಿಗೆ ಕಟ್ಟಿ ಒಳಗೆ ಹೋಗುವವಳು. ಅಂದು ಕಟ್ಟುವ ಮೊದಲೇ ಅದು ಹೋಗಿ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಮೂರು ತಿಂಗಳಿಂದ ಮುಷ್ಟಿ ಕಟ್ಟಿಕೊಂಡಿದ್ದ ಬಲಗೈ ಮೆಲ್ಲಗೆ, ಒಂದೊಂದೇ ಬೆರಳಾಗಿ ಬಿಚ್ಚಿಕೊಂಡು ಆ ಕೂದಲೊಳಗೆ ಇಳಿಯಿತು. ಅಕ್ಕ ಅದನ್ನು ನೋಡಿದಳು. ಆಮೇಲೆ ಸೀದಾ ವಾರ್ಡಿನ ಉಸ್ತುವಾರಿಯಾದ ದೊಡ್ಡ ಸಿಸ್ಟರ್ ಹತ್ತಿರ, ನಾಯಿಯನ್ನು ಒಳಗೆ ಬಿಡಿ ಎಂದು ಕೇಳಲು ಹೋದಳು.

ಹನ್ನೊಂದು ಸಲ ಹೋದಳು. ಹನ್ನೊಂದನೆಯ ಸಲಕ್ಕೆ ದೊಡ್ಡ ಸಿಸ್ಟರ್ ಕನ್ನಡಕ ತೆಗೆದಿಟ್ಟು, ನಾಲ್ಕು ಮಂಗಳವಾರ ನೋಡೋಣ, ಐದನೆಯದರ ಮಾತು ಆಮೇಲೆ ಎಂದರು. ನಾಯಿಗೆ ಸ್ನಾನವಾಗಿರಬೇಕು, ಉಗುರು ಕತ್ತರಿಸಿರಬೇಕು, ಪಶುವೈದ್ಯರ ಪತ್ರ ಇರಬೇಕು, ಬೊಗಳಬಾರದು, ಹಾರಬಾರದು, ಬೆದರಬಾರದು. ಒಂದು ತಪ್ಪಿದರೂ ಗೇಟು ಮುಚ್ಚಿದ ಹಾಗೆ.

ಅಲ್ಲಿಂದ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಬಳಿಗೆ ಚಿಕ್ಕಂದಿನಿಂದ ಸೂಜಿ ಹಾಕುತ್ತಿದ್ದ ಪಶುವೈದ್ಯೆ ಡಾಕ್ಟರಮ್ಮನನ್ನು ಹಿಡಿದು ತಂದಳು. ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆ ಆರಿದ ಮೇಲೆ ಅಂಗಡಿಯೇ ಆಸ್ಪತ್ರೆಯಾಗುತ್ತಿತ್ತು. ಇಸ್ತ್ರಿ ಮೇಜು ಮಂಚ, ಕಂಡಕ್ಟರರು ರೋಗಿ. ಅವರು ಮೇಜಿನ ಮೇಲೆ ಮಲಗಿ ನರಳುವರು, ಕೆಮ್ಮುವರು, ಕೈಕಾಲು ಒದರುವರು. ಡಾಕ್ಟರಮ್ಮ ಊರುಗೋಲು ಕುಟ್ಟಿಕೊಂಡು ಓಡಾಡುವರು. ಅಕ್ಕ ಹಿಂದಿನಿಂದ ಬಂದು ತಟ್ಟೆ ಲೋಟ ನೆಲಕ್ಕೆ ಬೀಳಿಸುವಳು. ನಾಯಿಗಳು ಮೊದಮೊದಲು ಬೆಚ್ಚಿ, ಆಮೇಲೆ ಬೇಸತ್ತು, ಕೊನೆಗೆ ಆಕಳಿಸತೊಡಗಿದವು. ಒಂದು ದಿನ ಕಂಡಕ್ಟರರ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಮದುವೆಯಾಗಿ ಇಷ್ಟು ವರ್ಷವಾಯಿತು, ನಿಜವಾಗಿ ಜ್ವರ ಬಂದಾಗಲೂ ಇವರು ಇಷ್ಟು ಚೆನ್ನಾಗಿ ನರಳಿದ್ದು ನಾನು ಕೇಳಿಲ್ಲ ಎಂದು ಹೇಳಿ ಹೋದರು.

ಮೂರು ಮಂಗಳವಾರಗಳು ಹೂವೆತ್ತಿದ ಹಾಗೆ ಆದವು. ತಮ್ಮನು ಗೋಡೆ ಬಿಟ್ಟು ಬಾಗಿಲಿನ ಕಡೆ ಮುಖ ಮಾಡಿ ಕಾಯತೊಡಗಿದ. ಎರಡನೆಯ ವಾರ ಎದ್ದು ಕುಳಿತ. ಮೂರನೆಯ ವಾರ ಮಂಚ ಹಿಡಿದು ನಿಂತ. ಅಕ್ಕಪಕ್ಕದ ಮಂಚದವರು ಚಿಲ್ಲರೆಯನ್ನು ಮಡಿಲಿಗೆ ಹಾಕಿಕೊಳ್ಳಲು ಸರತಿ ಹಚ್ಚಿದರು. ಕಂಡಕ್ಟರರಿಗೆ ಹಳೆಯ ಕಾಲ ಮರಳಿ ಬಂದಂತಾಗಿ, ಒಳಗೆ ಬನ್ನಿ, ಮುಂದೆ ಜಾಗ ಇದೆ ಎನ್ನುವುದೊಂದು ಬಾಕಿ.

ನಾಲ್ಕನೆಯ ಮಂಗಳವಾರ ದೊಡ್ಡ ಸಿಸ್ಟರ್ ಜೊತೆಗೆ ಆಸ್ಪತ್ರೆಯ ಮುಖ್ಯಸ್ಥರೂ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತರು. ಅಕ್ಕ ಕಂಬಳಿಯನ್ನು ಕಿಟಕಿಯ ಕೆಳಗೆ ಕೂರಿಸಿ ಹಗ್ಗ ಹಿಡಿದುಕೊಂಡಿದ್ದಳು. ತಮ್ಮನು ಮಂಚದಿಂದ ಎದ್ದ. ಅಕ್ಕನನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ನಾಯಿಯ ಮೇಲೆ ಕಣ್ಣಿಟ್ಟು ಒಂದು ಹೆಜ್ಜೆ ಹಾಕಿದ. ಇನ್ನೊಂದು. ಬಲಗಾಲು ಎಳೆಯುತ್ತಿತ್ತು, ಆದರೂ ಬಂದ. ಆರನೆಯ ಹೆಜ್ಜೆಗೆ ಕಿಟಕಿ ಮುಟ್ಟಿದ.

ವಾರ್ಡಿಗೆ ವಾರ್ಡೇ ಚಪ್ಪಾಳೆ ಹೊಡೆಯಿತು.

ಕಂಬಳಿ ನೆಲದಿಂದ ಒಂದು ಮೊಳ ಹಾರಿತು. ಹಗ್ಗ ಅಕ್ಕನ ಕೈಯಿಂದ ಕಿತ್ತುಹೋಯಿತು. ಅದು ಮಂಚದ ಕೆಳಗೆ ನುಗ್ಗಿ, ಆ ಕಡೆಯಿಂದ ಹೊರಟು, ಔಷಧಿಯ ಗಾಡಿಗೆ ಡಿಕ್ಕಿ ಹೊಡೆಯಿತು. ತಟ್ಟೆ, ಬಟ್ಟಲು, ಇಕ್ಕಳ ಎಲ್ಲ ಘಣಘಣ ಎಂದು ನೆಲಕ್ಕುರುಳಿದವು. ಗಾಬರಿಯಾಗಿ ಕುಸಿದ ತಮ್ಮನನ್ನು ನರ್ಸೊಬ್ಬಳು ಸೊಂಟ ಹಿಡಿದು ನಿಲ್ಲಿಸಿದಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮುಖ್ಯಸ್ಥರು ಹೊರಟುಹೋದರು. ದೊಡ್ಡ ಸಿಸ್ಟರ್ ಬಗ್ಗಿ ಇಕ್ಕಳ ಹೆಕ್ಕುತ್ತ, ಸಾಕು, ನಾಯಿಯನ್ನು ಕರೆದುಕೊಂಡು ಹೋಗು ಎಂದರು.

ಮಾರನೆಯ ದಿನ ಅಕ್ಕ ಹೋದಾಗ ತಮ್ಮ ಮತ್ತೆ ಗೋಡೆಗೆ ತಿರುಗಿದ್ದ. ಅವಳು ಪಕ್ಕದಲ್ಲಿ ಕುಳಿತಾಗ ಅವನ ಬೆನ್ನಿನ ಕಡೆಯಿಂದ ಮಾತು ಬಂತು.

"ನಾನು ನಡೀಬಾರದಿತ್ತು ಅಕ್ಕ. ನಾನು ನಡೆದಿದ್ದಕ್ಕೇ ಅದು ಓಡಿಹೋಯ್ತು."

ಸಮಾಧಾನ ಹೇಳಲು ಬಾಯಿ ತೆರೆದ ಅಕ್ಕನಿಗೆ ಹಿಂದಿನ ದಿನದ ಗಲಾಟೆ ಕಣ್ಣಮುಂದೆ ಇನ್ನೊಮ್ಮೆ ನಡೆಯಿತು. ಗಾಡಿ ಮಗುಚಿ ಇಡೀ ವಾರ್ಡು ಕಿವಿ ಮುಚ್ಚಿಕೊಂಡಾಗ ಕಂಬಳಿ ಏನು ಮಾಡಿತು? ನಿಂತಿತು. ಅಷ್ಟು ದೊಡ್ಡ ಸದ್ದಿನ ನಡುವೆ ಕಾಲ ಸಂದಿಗೆ ಸೇರಿದ್ದ ಅದರ ಬಾಲ ಸಮಾಧಾನವಾಗಿ ಹೊರಬಂತು. ತಟ್ಟೆ ಬೀಳುವುದು ಅದಕ್ಕೆ ಗೊತ್ತು. ನರಳುವುದು ಗೊತ್ತು, ಕೆಮ್ಮು ಗೊತ್ತು, ಊರುಗೋಲು ಗೊತ್ತು. ಆಸ್ಪತ್ರೆಯಲ್ಲಿ ಇರುವ ಸಂಕಟವನ್ನೆಲ್ಲ ಅಂಗಡಿಯಲ್ಲಿ ಆಡಿ ತೋರಿಸಿದ್ದರು. ಒಬ್ಬ ರೋಗಿ ವಾಸಿಯಾದರೆ ಜನ ಏನು ಮಾಡುತ್ತಾರೆ ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅವಳು ಓಡುತ್ತಲೇ ದೊಡ್ಡ ಸಿಸ್ಟರ್ ಕೋಣೆಗೆ ಹೋದಳು. ನೆಪ ಹೇಳಲಿಲ್ಲ.

"ತಪ್ಪು ನಂದು ಸಿಸ್ಟರ್. ನೋವನ್ನೆಲ್ಲ ಕಲಿಸಿದೆ, ಸಂತೋಷ ಕಲಿಸೋದು ಮರೆತೆ. ಇನ್ನೊಂದು ಸಲ ನೋಡಿ."

ದೊಡ್ಡ ಸಿಸ್ಟರ್ ನಗು ಬಂದದ್ದನ್ನು ನುಂಗಿಕೊಂಡ ಹಾಗಿತ್ತು. ಮೂರು ವಾರ ಬಿಟ್ಟು ಬರುವ ಮಂಗಳವಾರ, ಒಂದೇ ಒಂದು ಅವಕಾಶ, ಚಪ್ಪಾಳೆ ಹೊಡೆಯುವವರನ್ನು ನಾನೇ ಕರೆಸುತ್ತೇನೆ ಎಂದರು.

ಈಗ ಕಷ್ಟ ಬಂದದ್ದು ಕೈಗಳಿಗೆ. ಮೂವರು ತಟ್ಟಿದರೆ ಆರು ಕೈ. ಕಂಬಳಿ ಎರಡೇ ದಿನಕ್ಕೆ ಅದನ್ನು ಲೆಕ್ಕಕ್ಕೇ ಇಡದಂತಾಯಿತು. ವಾರ್ಡಿನ ಸದ್ದು ಬೇಕೆಂದರೆ ಅರವತ್ತು ಕೈಯಾದರೂ ಬೇಕು. ಅಕ್ಕ ಯೋಚಿಸಿ, ಇಸ್ತ್ರಿ ಮಾಡಿದ ಪ್ರತಿ ಗಂಟಿಗೂ ಒಂದು ಚೀಟಿ ಚುಚ್ಚಿದಳು: ಭಾನುವಾರ ನಾಲ್ಕು ಗಂಟೆಗೆ ಶಾಲೆಯ ಆಟದ ಬಯಲಿಗೆ ಬನ್ನಿ. ಕೆಲಸ ಚಪ್ಪಾಳೆ ತಟ್ಟುವುದು. ಬೇರೇನೂ ತರಬೇಡಿ.

ಯಾರೋ ಭಾಷಣ ಮಾಡಲು ಬರುತ್ತಾರೆಂದುಕೊಂಡು ಬಹಳ ಮಂದಿ ಬರಲಿಲ್ಲ. ಬಂದವರು ಒಂಬತ್ತು ಜನ. ಡಾಕ್ಟರಮ್ಮ ಅವರನ್ನು ಬಯಲಿನ ಆ ತುದಿಗೆ ನಿಲ್ಲಿಸಿ, ಮೊದಲು ಒಂದೇ ಬೆರಳಿನಿಂದ ಅಂಗೈ ತಟ್ಟಿ ಎಂದರು. ನಾಯಿ ಬೆದರದಿದ್ದರೆ ಎರಡು ಬೆರಳು, ಆಮೇಲೆ ಇಡೀ ಕೈ, ಆಮೇಲೆ ಹತ್ತು ಹೆಜ್ಜೆ ಹತ್ತಿರ. ಪ್ರತಿ ಸದ್ದಿಗೂ ಕಂಬಳಿಯ ಬಾಯಿಗೆ ಒಂದು ತುಣುಕು ಬಿಸ್ಕತ್ತು. ಕಾಲು ಗಂಟೆಯಲ್ಲಿ ನಾಯಿ ಸರಿಯಾಗಿಯೇ ಇತ್ತು, ಜನರೇ ಸೋತರು. ಸುಮ್ಮಸುಮ್ಮನೆ ಚಪ್ಪಾಳೆ ತಟ್ಟಲು ನಾಚಿಕೆ. ತಟ್ಟಿದರೂ ಹಿಟ್ಟು ಕೊಡವಿದ ಹಾಗೆ ಸಪ್ಪೆ ಸದ್ದು. ಇಷ್ಟಕ್ಕೂ ಯಾಕೆ ತಟ್ಟಬೇಕು ಎಂದು ಹಾಲು ಹಾಕುವವಳು ಕೇಳಿಯೇ ಬಿಟ್ಟಳು.

ಆಗ ಕಂಡಕ್ಟರರು ಅವಳನ್ನೇ ಮುಂದಕ್ಕೆ ಕರೆದು, ಈ ವಾರ ನಿನಗೆ ಆದ ಒಂದು ಒಳ್ಳೆಯದನ್ನು ಹೇಳಮ್ಮ, ಅದಕ್ಕೇ ತಟ್ಟುತ್ತೇವೆ ಎಂದರು. ಅವಳು ಸೆರಗು ತಿರುಚಿಕೊಂಡು ನಿಂತು, ಕೊನೆಗೆ, ಎಂಟು ತಿಂಗಳಿಂದ ನೋಯುತ್ತಿದ್ದ ಹಲ್ಲನ್ನು ಧೈರ್ಯ ಮಾಡಿ ಕೀಳಿಸಿಕೊಂಡೆ ಎಂದಳು. ಒಂಬತ್ತು ಜನ ಹೊಡೆದ ಚಪ್ಪಾಳೆಗೆ ಶಾಲೆಯ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಅವಳು ಮುಖ ಮುಚ್ಚಿಕೊಂಡು ನಕ್ಕಳು. ಕಂಬಳಿ ಒಂದು ಕಿವಿ ಮಾತ್ರ ಎತ್ತಿತು.

ಆ ಮಾತು ಬೀದಿಬೀದಿಗೆ ಹಬ್ಬಿತು. ಎರಡನೆಯ ಭಾನುವಾರ ನಲವತ್ತು ಜನ. ಅಳಿಯನ ಜೊತೆ ಮಾತು ಬಿಟ್ಟಿದ್ದ ಮಾವ ಮತ್ತೆ ಮಾತಾಡಿದ್ದಕ್ಕೆ ಚಪ್ಪಾಳೆ. ಐವತ್ತರ ಹೆಂಗಸು ಸೈಕಲ್ ಕಲಿತದ್ದಕ್ಕೆ ಚಪ್ಪಾಳೆ. ಪರೀಕ್ಷೆಯಲ್ಲಿ ಮೂರನೆಯ ಸಲವೂ ಫೇಲಾದ ಒಬ್ಬ, ಈ ಸಲ ಮನೆಯಲ್ಲಿ ಬೈಯಲಿಲ್ಲ ಎಂದದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ. ಬಂದವರು ಸುಮ್ಮನೆ ಬರಲಿಲ್ಲ, ತಮ್ಮ ತಮ್ಮ ನಾಯಿಗಳನ್ನೂ ತಂದರು. ಮೂರನೆಯ ಭಾನುವಾರಕ್ಕೆ ಹದಿನೇಳು ನಾಯಿ, ಒಂದು ಮೊಲ, ಬುಟ್ಟಿಯಿಂದ ಇಳಿಯಲೊಲ್ಲದ ಒಂದು ಬೆಕ್ಕು. ಡಾಕ್ಟರಮ್ಮ ಒಂದು ಮೇಜು ಹಾಕಿ ಒಂದೊಂದನ್ನೇ ಪರೀಕ್ಷಿಸಿದರು. ಕಟುಕನ ನಾಯಿ ಎಲ್ಲದರಲ್ಲೂ ಪಾಸಾಯಿತು. ಶಿಸ್ತಿಗೆ ಹೆಸರಾದ ಮೇಷ್ಟರ ನಾಯಿ ಮೇಷ್ಟರ ಚಪ್ಪಲಿ ಕಚ್ಚಿಕೊಂಡು ಓಡಿ ನಪಾಸಾಯಿತು. ಸಂಘ ಎಂಬ ಶಬ್ದವನ್ನು ಮೊದಲು ಆಡಿದವರು ಯಾರೆಂದು ಯಾರಿಗೂ ನೆನಪಿಲ್ಲ. ಅಂದು ಸಂಜೆ ಎಲ್ಲರ ಬಾಯಲ್ಲೂ ಅದೇ ಇತ್ತು.

ಅಕ್ಕ ಇದನ್ನೆಲ್ಲ ದಿನವೂ ತಮ್ಮನ ಬೆನ್ನಿಗೆ ಹೇಳುತ್ತಿದ್ದಳು. ಬೆನ್ನು ಕೇಳುತ್ತಿತ್ತೋ ಇಲ್ಲವೋ. ಸಂಘ ಬೆಳೆದಷ್ಟೂ ಅವಳ ಖುಷಿ ಬೆಳೆಯುತ್ತಿತ್ತು, ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೇ ಆ ಖುಷಿ ಇಳಿದುಹೋಗುತ್ತಿತ್ತು. ಊರ ನಾಯಿಗಳೆಲ್ಲ ಪಾಸಾಗಿ ಇವನೊಬ್ಬ ಏಳದಿದ್ದರೆ ಅವಳಿಗೆ ಅದರಿಂದ ಬಂದ ಭಾಗ್ಯವೇನು.

ಆ ಮಂಗಳವಾರ ಬಂತು. ದೊಡ್ಡ ಸಿಸ್ಟರ್ ಮಾತಿಗೆ ತಪ್ಪಲಿಲ್ಲ. ಅಡುಗೆಯವರು, ಗುಡಿಸುವವರು, ಬೇರೆ ವಾರ್ಡುಗಳ ನರ್ಸುಗಳು, ಬಿಡುವಿದ್ದ ಡಾಕ್ಟರುಗಳು ಎಲ್ಲ ಸೇರಿ ನಲವತ್ತು ಮಂದಿ ಗೋಡೆಗುಂಟ ನಿಂತರು. ಮುಖ್ಯಸ್ಥರೂ ಬಂದರು, ಈ ಸಲ ಬಾಗಿಲಿಗೆ ಇನ್ನೂ ಹತ್ತಿರ. ಅಕ್ಕ ಕಂಬಳಿಯನ್ನು ಮತ್ತೆ ಕಿಟಕಿಯ ಕೆಳಗೆ ಕೂರಿಸಿದಳು; ಕಂಡಕ್ಟರರೂ ಡಾಕ್ಟರಮ್ಮನೂ ಪಕ್ಕದಲ್ಲಿ ನಿಂತರು.

ದೊಡ್ಡ ಸಿಸ್ಟರ್ ಕೈಯೆತ್ತಿದರು. ಎಂಬತ್ತು ಕೈ ಒಟ್ಟಿಗೆ ತಟ್ಟಿದವು. ಗಾಜು ನಡುಗಿತು. ಕಂಬಳಿ ತಲೆಯೆತ್ತಿ ಅಕ್ಕನ ಮುಖ ನೋಡಿತು. ಹೆದರಿಕೆಯ ನೋಟವಲ್ಲ, ಬಿಸ್ಕತ್ತು ಎಲ್ಲಿ ಎಂಬ ನೋಟ.

ನಗು ಎದ್ದಿತು. ಆ ನಗುವಿಗೆ ತಮ್ಮ ತಿರುಗಿದ. ಚಪ್ಪಾಳೆ ಇನ್ನೂ ನಡೆದೇ ಇತ್ತು, ನಾಯಿ ಕುಳಿತೇ ಇತ್ತು. ಅವನು ಎರಡನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ಎಡಗೈಯಿಂದ ಮಂಚದ ಸರಳು ಹಿಡಿದ. ವ್ಯಾಯಾಮ ಮಾಡಿಸುವವನು ಓಡಿ ಬರುತ್ತಿದ್ದುದನ್ನು ಅಕ್ಕ ಕಣ್ಣಲ್ಲೇ ತಡೆದಳು. ತಮ್ಮ ಎದ್ದು ನಿಂತ. ತಟ್ಟುತ್ತಿದ್ದವರೆಲ್ಲ ಕೈಗಳನ್ನು ಅರ್ಧಕ್ಕೇ ನಿಲ್ಲಿಸಿದರು. ಒಂದು, ಎರಡು, ಮೂರು. ನಾಲ್ಕರಲ್ಲಿ ಓಲಾಡಿದ. ಆರಕ್ಕೆ ನಾಯಿಯ ಹತ್ತಿರ ಬಂದ. ಅಲ್ಲಿಗೆ ನಿಲ್ಲಲಿಲ್ಲ, ಅದನ್ನು ಸುತ್ತಿಕೊಂಡು ಕಿಟಕಿಯ ಆಚೆ ತುದಿಯವರೆಗೂ ನಡೆದ. ಒಂಬತ್ತು ಹೆಜ್ಜೆ.

ಒಬ್ಬರೂ ಅಲುಗಲಿಲ್ಲ. ತಟ್ಟಿದರೆ ಏನಾಗುವುದೋ ಎಂದು ಎಲ್ಲರಿಗೂ ಅಂಜಿಕೆ. ತಮ್ಮನು ಕಿಟಕಿಗೆ ಒರಗಿ, ಗಾಳಿಯಲ್ಲಿ ನಿಂತ ಅಷ್ಟೂ ಕೈಗಳನ್ನು ನೋಡಿದ.

"ಯಾಕೆ ನಿಲ್ಸಿದ್ರಿ?" ಎಂದ. "ತಟ್ಟಿ."

ತಟ್ಟಿದರು. ಮುಖ್ಯಸ್ಥರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಕಂಬಳಿ ಎದ್ದು ಮೈಕೊಡವಿ, ಹೋಗಿ ತಮ್ಮನ ಪಾದದ ಮೇಲೆ ಗಲ್ಲವಿಟ್ಟು ಮಲಗಿತು. ಅಕ್ಕನಿಗೆ ಮುಂದಿನದು ಏನೂ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿತ್ತು.

ಅವಳು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಬೇರೆ ವಾರ್ಡುಗಳ ನರ್ಸುಗಳು ಸುತ್ತ ಮುತ್ತಿದ್ದರು. ನಮ್ಮ ಕಡೆ ಯಾವಾಗ, ನಿಮ್ಮಲ್ಲಿ ಎಷ್ಟು ನಾಯಿಗಳಿವೆ, ಬುಧವಾರ ಆಗುತ್ತದೆಯೇ ಎಂದು ಒಬ್ಬರ ಮಾತಿನ ಮೇಲೆ ಒಬ್ಬರದು. ದೊಡ್ಡ ಸಿಸ್ಟರ್ ಎಲ್ಲರನ್ನೂ ಸರಿಸಿ, ನನ್ನ ವಾರ್ಡಿನ ಮಂಗಳವಾರ ಯಾರೂ ಮುಟ್ಟಕೂಡದು, ಉಳಿದ ದಿನ ನೀವು ಹಂಚಿಕೊಳ್ಳಿ ಎಂದು ತೀರ್ಪು ಕೊಟ್ಟರು. ಕಂಡಕ್ಟರರು ಆಗಲೇ ಜೇಬಿನಿಂದ ಪೆನ್ಸಿಲ್ ತೆಗೆದಿದ್ದರು. ಹನ್ನೊಂದು ನಾಯಿ ಪಾಸಾಗಿವೆ, ನಾಳೆಯೇ ಶುರು ಮಾಡೋಣ ಅಕ್ಕ ಎಂದು ಕಿವಿಯಲ್ಲಿ ಪಿಸುಗುಟ್ಟಿದರು.

ಅಕ್ಕ ಅವರ ಪೆನ್ಸಿಲ್ ಹಿಡಿದು ನಿಲ್ಲಿಸಿದಳು. ಎಲ್ಲರಿಗಿಂತ ಮುಂದೆ ನಿಂತಿದ್ದ ಮಕ್ಕಳ ವಾರ್ಡಿನ ನರ್ಸಿನ ಕಡೆ ತಿರುಗಿದಳು.

"ನಾಯಿ ಕೊಡ್ತೀನಿ ಕಣಮ್ಮ. ಮೊದಲು ಇದು ಹೇಳು. ನಿಮ್ಮ ವಾರ್ಡಲ್ಲಿ ಮಕ್ಕಳಿಗೆ ಖುಷಿಯಾದ್ರೆ ಏನು ಮಾಡ್ತಾರೆ?"

ನರ್ಸು ಬೆರಳು ಮಡಿಸುತ್ತ, ಮಗುವೊಂದು ಮನೆಗೆ ಹೊರಟರೆ ಉಳಿದವೆಲ್ಲ ಮಂಚದ ಮೇಲೆ ಹತ್ತಿ ಕುಣಿಯುತ್ತವೆ, ಪೀಪಿ ಊದುತ್ತವೆ, ಆಮೇಲೆ ಇರುವ ಬಲೂನನ್ನೆಲ್ಲ ಒಡೆಯುತ್ತವೆ ಎಂದಳು.

ಕಂಡಕ್ಟರರು ಪೆನ್ಸಿಲನ್ನು ಮೆಲ್ಲಗೆ ಜೇಬಿಗಿಳಿಸಿದರು. ಅಕ್ಕನ ಮುಖ ಅರಳುತ್ತ ಹೋಯಿತು. ಒಂದು ತಿಂಗಳು ಸಮಯ ಕೊಡಿ ಎಂದು ಹೇಳಿ, ಭಾನುವಾರ ಬಯಲಿಗೆ ಎಷ್ಟು ಬಲೂನು ಬೇಕಾಗಬಹುದೆಂದು ಅಲ್ಲಿಯೇ ನಿಂತು ಡಾಕ್ಟರಮ್ಮನನ್ನು ಕೇಳತೊಡಗಿದಳು.